ಒಪ್ಪತ್ತಿನ ತಿಂಗಳಲ್ಲಿ ಶೈಲಕ್ಕ

ಶೈಲಕ್ಕನ ಹತ್ತಿರ ಸ್ಕೂಟಿ ಕಲಿಯಲು ಬಂದವರಿಗೆ ಮೊದಲ ಎರಡು ದಿನ ಕೀಲಿಕೈ ಸಿಗುವುದಿಲ್ಲ. ಎಂಜಿನ್ ಬಂದ್ ಆಗಿರುವ ಗಾಡಿಯ ಹ್ಯಾಂಡಲ್ ಹಿಡಿದು ಮೈದಾನದ ಸುತ್ತ ತಳ್ಳಿಕೊಂಡು ನಡೆಯಬೇಕು. ಹೊಸಪೇಟೆಯ ಆ ಮೈದಾನದ ಒಂದು ಸುತ್ತು ಮುಗಿಯುವುದರೊಳಗೆ ಬೆನ್ನು ತೊಯ್ದಿರುತ್ತದೆ, ಪಾದಕ್ಕೆ ಕೆಂಪು ಧೂಳು ಮೆತ್ತಿರುತ್ತದೆ. ನಾನೂ ಹಾಗೆ ತಳ್ಳಿದವಳೇ.

"ರೊಕ್ಕ ಕೊಟ್ಟು ಕೂಲಿ ಮಾಡಾಕ ಬಂದಂಗಾತಲ್ರಿ ಅಕ್ಕಾ," ಎಂದು ಪ್ರತಿ ಸಲವೂ ಒಬ್ಬರಾದರೂ ಗೊಣಗುತ್ತಾರೆ.

"ಕೂಲಿ ಅಲ್ಲ, ಪರಿಚಯ," ಎನ್ನುತ್ತಾರೆ ಶೈಲಕ್ಕ. "ಮದುವಿಗಿಂತ ಮೊದ್ಲು ನಾಕ್ ಮಾತಾಡಿದ್ರ ಚಲೋ ಅಲ್ಲೇನು? ಅದರ ಭಾರ ಕೈಗೆ ತಿಳೀಲಿ. ಆಮ್ಯಾಲೆ ಅಂಜಿಕಿ ತಾನ ಹೋಗ್ತೈತಿ."

ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಆ ಮೈದಾನದಲ್ಲಿ ಅವರ ಧ್ವನಿ ಕೇಳುತ್ತದೆ. ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪನದು ಅಕ್ಕಿ ಗಿರಣಿ. ಗಿರಣಿಯ ಅಂಗಳದಲ್ಲಿ ಭತ್ತ ಒಣಗುತ್ತಿದ್ದರೆ, ಅದರ ನಡುವೆ ಬಿಟ್ಟ ಸಣ್ಣ ದಾರಿಯಲ್ಲಿ ಒಂದು ಕಾಳೂ ತುಳಿಯದೆ ಅಪ್ಪನ ಮೊಪೆಡ್ ಓಡಿಸುವುದು ಅವರ ಹತ್ತನೇ ತರಗತಿಯ ಆಟವಾಗಿತ್ತು. ಮದುವೆಯಾಗಿ ಹೊಸಪೇಟೆಗೆ ಬಂದರು. ಗಂಡ ವೀರೇಶ್ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಪಕ್ಕದ ಮನೆಯ ಟೀಚರಿಗೆ ಒಮ್ಮೆ ಕಲಿಸಿಕೊಟ್ಟದ್ದು ಬಾಯಿಂದ ಬಾಯಿಗೆ ಹೋಗಿ, ವರ್ಷ ತುಂಬುವುದರೊಳಗೆ ಶೈಲಜಾ ಎಂಬ ಹೆಸರು ಅಳಿಸಿ ಸ್ಕೂಟಿ ಶೈಲಕ್ಕ ಎಂಬುದು ಉಳಿಯಿತು. ಹೂವು ಮಾರುವವರು, ನರ್ಸುಗಳು, ಸಂಡೂರಿನ ಗಣಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು, ಮೊಮ್ಮಗಳನ್ನು ಶಾಲೆಗೆ ಬಿಡಬೇಕೆಂದು ಹಟ ಹಿಡಿದ ಅರವತ್ತರ ಅಜ್ಜಿ, ಎಲ್ಲರ ಹಿಂದೆಯೂ ಅವರು ಸೆರಗು ಸಿಕ್ಕಿಸಿಕೊಂಡು ಓಡಿದ್ದಾರೆ.

ಎರಡು ವರ್ಷದ ಹಿಂದೆ ಮಾತ್ರ ಐದು ತಿಂಗಳು ಆ ಮೈದಾನ ಖಾಲಿ ಇತ್ತು. ಕಾರಣವೇನೆಂದು ಕೇಳಿದರೆ ಶೈಲಕ್ಕನಿಗೂ ಗೊತ್ತಿರಲಿಲ್ಲ. ಯಾರೂ ತೀರಿಕೊಂಡಿರಲಿಲ್ಲ, ಮನೆಯಲ್ಲಿ ಜಗಳವಿರಲಿಲ್ಲ. ಒಂದು ಬೆಳಿಗ್ಗೆ ಏಳಬೇಕು ಅನ್ನಿಸಲಿಲ್ಲ, ಮರುದಿನವೂ ಅನ್ನಿಸಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಳು ಬರಲಿಲ್ಲ. ಹಸಿವೂ ಬರಲಿಲ್ಲ. ಕೊನೆಗೆ ವೀರೇಶ್ ಊರಿನಲ್ಲೇ ಇರುವ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ದಿನಕ್ಕೊಂದು ಗುಳಿಗೆ. ಗುಳಿಗೆ ಶುರುವಾದ ಮೂರನೇ ತಿಂಗಳಿಗೆ ಶೈಲಕ್ಕ ತಾವಾಗಿ ಎದ್ದು ಸ್ಕೂಟಿಯ ಮೇಲಿನ ಧೂಳು ಒರೆಸಿದರು. ಮರುವಾರ ಮೈದಾನದಲ್ಲಿ ಮತ್ತೆ ಅವರ ಧ್ವನಿ ಕೇಳಿತು. "ಬೆನ್ನು ನೋವಿತ್ತು," ಎಂದು ಎಲ್ಲರಿಗೂ ಹೇಳಿದರು. ನಿಜ ಗೊತ್ತಿದ್ದುದು ಗಂಡನಿಗೆ, ಅತ್ತೆ ಚೆನ್ನಬಸಮ್ಮನಿಗೆ ಮತ್ತು ಮೆಡಿಕಲ್ ಅಂಗಡಿಯ ಕೊಟ್ರಯ್ಯನಿಗೆ. ಕೊಟ್ರಯ್ಯ ಗುಳಿಗೆಯ ಕಾಗದದ ಕವರಿನ ಮೇಲೆ ಪ್ರತಿ ತಿಂಗಳೂ ನೀಲಿ ಪೆನ್ನಿನಲ್ಲಿ ಬರೆದುಕೊಡುತ್ತಿದ್ದ: ರಾತ್ರಿ ಊಟ ಆದ ಮೇಲೆ 1.

ಶೈಲಕ್ಕ ಹೇಳಿದ ಮಾತು ಕೇಳುವವರು, ಬರೆದಿದ್ದನ್ನು ಬರೆದ ಹಾಗೆ ಪಾಲಿಸುವವರು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಆ ಮನೆಯಲ್ಲಿ ಶ್ರಾವಣ ಮಾಸವಿಡೀ ಒಪ್ಪತ್ತು ಮಾಡುವ ನೇಮವಿದೆ. ಮಧ್ಯಾಹ್ನ ಪೂಜೆಯಾದ ಮೇಲೆ ಒಂದು ಊಟ, ರಾತ್ರಿ ಊಟವಿಲ್ಲ. ಚೆನ್ನಬಸಮ್ಮ ನಲವತ್ತು ವರ್ಷ ತಪ್ಪದೆ ನಡೆಸಿದ್ದರು. ಈ ಸಲ ಸಕ್ಕರೆ ಕಾಯಿಲೆ ಹೆಚ್ಚಾಗಿ, ಹೊತ್ತು ಹೊತ್ತಿಗೆ ಉಣ್ಣಲೇಬೇಕು ಎಂದು ಡಾಕ್ಟರು ಗದರಿದರು. ಮುದುಕಿ ಎರಡು ದಿನ ಮುಖ ಸಣ್ಣಗೆ ಮಾಡಿಕೊಂಡು ಕೂತರು. "ಈ ವರ್ಷ ನಾ ಹಿಡೀತೀನಿ ಬಿಡ್ರಿ ಅತ್ತಿ," ಎಂದು ಸೊಸೆ ಆ ನೇಮವನ್ನು ಹೊತ್ತುಕೊಂಡರು.

ಮೊದಲ ರಾತ್ರಿ ಅತ್ತೆಗೆ ಬಡಿಸಿ, ಅತ್ತೆಯ ಗುಳಿಗೆ ಅತ್ತೆಯ ಕೈಗೆ ಕೊಟ್ಟು, ತಮ್ಮ ಕವರ್ ಕೈಗೆತ್ತಿಕೊಂಡರು. ಊಟ ಆದ ಮೇಲೆ ಎಂದು ಬರೆದಿದೆ. ಊಟವೇ ಇಲ್ಲ. ಬರಿ ಹೊಟ್ಟೆಗೆ ಹಾಕಿಕೊಂಡರೆ ಏನಾದರೂ ಆದೀತೆಂದು ಕವರನ್ನು ಮತ್ತೆ ಡಬ್ಬಿಗೆ ಹಾಕಿದರು. ಮಾರನೆಯ ರಾತ್ರಿಯೂ ಹಾಗೇ ಆಯಿತು. ಹೇಗೂ ಚೆನ್ನಾಗಿಯೇ ಇದ್ದೇನಲ್ಲ, ಒಂದು ತಿಂಗಳು ಬಿಟ್ಟರೇನಂತೆ ಎಂಬ ಸಣ್ಣ ಹೆಮ್ಮೆಯೂ ಒಳಗೆ ಇಣುಕಿತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮೈದಾನಕ್ಕೆ ಬರುವಾಗ, ಸ್ಕೂಟಿಯ ಕನ್ನಡಿಯ ಕಡೆ ಕಣ್ಣು ಹೊರಳಿಸಿದೊಡನೆ ತಲೆಯೊಳಗೆ ಜುಮ್ಮೆಂದಿತು. ಟಾರ್ಚಿನ ಸೆಲ್ಲಿಗೆ ನಾಲಿಗೆ ತಾಗಿಸಿದಂಥ ಒಂದು ಕ್ಷಣದ ಕರೆಂಟು, ತುಟಿಯವರೆಗೂ ಬೆರಳ ತುದಿಯವರೆಗೂ ಬಂದು ಹೋಯಿತು. ನೋವಿಲ್ಲ. ಆದರೆ ಆ ಕ್ಷಣ ರಸ್ತೆ ಎಲ್ಲಿದೆ, ತಾನೆಲ್ಲಿದ್ದೇನೆ ಎಂಬುದು ಕೈತಪ್ಪುತ್ತಿತ್ತು. ಕಣ್ಣು ಪಕ್ಕಕ್ಕೆ ಹೋದಾಗಲೆಲ್ಲ ಹೀಗೆ. ರಾತ್ರಿ ಬಣ್ಣ ಬಣ್ಣದ ಕನಸುಗಳು. ಹಾಲು ಉಕ್ಕಿದ್ದಕ್ಕೆ ಕಣ್ಣೀರು. ವೀರೇಶ್ ಚಹಾ ಆರಿದೆ ಎಂದಿದ್ದಕ್ಕೆ ಲೋಟ ತೆಗೆದು ಕುಕ್ಕಿದ್ದು.

"ಒಪ್ಪತ್ತು ಮಾಡ್ತೀರಲ್ರಿ, ಪಿತ್ತ ಏರೈತಿ. ಒಂದ್ ತುಣುಕು ಬೆಲ್ಲ ಬಾಯಾಗ ಇಟ್ಕಳ್ರಿ," ಎಂದಳು ಭವ್ಯ. ಇಪ್ಪತ್ತೆರಡರ ಈ ಹುಡುಗಿ ಕಳೆದ ವರ್ಷ ಅಲ್ಲೇ ಕಲಿತು ಈಗ ಶೈಲಕ್ಕನಿಗೆ ಕೈಯಾಸರೆಯಾಗಿದ್ದಳು. ಶೈಲಕ್ಕ ಬೆಲ್ಲ ಇಟ್ಟುಕೊಂಡರು. ಒಳಗೆ ಮಾತ್ರ ಒಂದೇ ಮಾತು ಸುತ್ತುತ್ತಿತ್ತು. ಅದು ವಾಪಸ್ ಬಂತೇ? ಆ ಗೋಡೆ, ಆ ಐದು ತಿಂಗಳು?

ಎಂಟನೇ ದಿನ ಬುಧವಾರ. ಮೈದಾನದಲ್ಲಿ ಪಳಗಿದವರನ್ನು ಕಮಲಾಪುರದ ರಸ್ತೆಗೆ ಕರೆದೊಯ್ಯುವ ದಿನ. ಅವತ್ತಿನ ಸರದಿ ದುರ್ಗಾಳದು. ಪಾಪಿನಾಯಕನಹಳ್ಳಿಯ ಈ ಹೆಣ್ಣುಮಗಳಿಗೆ ಕಮಲಾಪುರದ ಒಂದು ಲಾಡ್ಜಿನಲ್ಲಿ ಬೆಳಗಿನ ತಿಂಡಿ ಮಾಡುವ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬೆಳಿಗ್ಗೆ ಐದೂವರೆಗೆ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಲೈಸೆನ್ಸ್ ಬಂದರೆ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ. ಟೆಸ್ಟ್ ಮುಂದಿನ ಗುರುವಾರವಿತ್ತು. ಗಂಡ ಹುಲುಗೇಶ್ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವವನು. "ಹದಿನಾರು ಗಾಲಿ ನಾ ಹಿಡೀತೀನಿ, ಎರಡು ಗಾಲಿ ಇಕಿಗೆ ಹಿಡಿಯಾಕ ಬರಂಗಿಲ್ಲ," ಎಂದು ಊರವರ ಮುಂದೆ ನಗುತ್ತಿದ್ದ.

ಕಾಲುವೆಯ ಪಕ್ಕದ ರಸ್ತೆ. ದುರ್ಗಾ ಓಡಿಸುತ್ತಿದ್ದಳು, ಶೈಲಕ್ಕ ಹಿಂದೆ ಕೂತಿದ್ದರು. ಮುಂದೆ ಒಂದು ಟ್ರ್ಯಾಕ್ಟರ್, ಅದರ ತುಂಬ ಭತ್ತದ ಸಸಿಯ ಕಟ್ಟುಗಳು, ಕಟ್ಟುಗಳ ಮೇಲೆ ನಾಟಿಗೆ ಹೊರಟ ಹೆಂಗಸರು.

"ಮುಂದ ಹೋಗ್ಲೇನ್ರಿ ಅಕ್ಕಾ?"

"ತಡಿ, ನೋಡ್ತೀನಿ," ಎಂದು ಶೈಲಕ್ಕ ಹಿಂದೆ ಕತ್ತು ತಿರುಗಿಸಿದರು. ಜುಮ್ಮೆಂದಿತು, ಒಂದಲ್ಲ, ಸಾಲಾಗಿ ಮೂರು. ರಸ್ತೆ ಓರೆಯಾಯಿತು. ಬೀಳುತ್ತೇನೆ ಅನ್ನಿಸಿ ಎರಡೂ ಕೈಯಲ್ಲಿ ದುರ್ಗಾಳ ಭುಜ ಹಿಡಿದು ಜಗ್ಗಿದರು. ಸ್ಕೂಟಿ ವಾಲಿ, ರಸ್ತೆ ಬಿಟ್ಟು, ಮೆಲ್ಲಗೆ ಗದ್ದೆಯ ಕೆಸರಿಗೆ ಇಳಿದು ಮಲಗಿತು.

ಟ್ರ್ಯಾಕ್ಟರ್ ನಿಂತಿತು. "ನಾಟಿ ಮಾಡಾಕ ಬಂದ್ರೇನ್ರಿ? ಬರ್ರಿ, ಇಬ್ರ ಕೂಲಿ ಹಚ್ತೀವಿ," ಎಂದು ಮೇಲಿನಿಂದ ಒಬ್ಬಳು ಕೂಗಿದಳು. ಉಳಿದವರು ನಕ್ಕರು, ಆಮೇಲೆ ಇಳಿದು ಬಂದು ಗಾಡಿ ಎತ್ತಿಕೊಟ್ಟರು. ದುರ್ಗಾಳ ಮೊಣಕೈ ತರಚಿತ್ತು. ಶೈಲಕ್ಕನ ಸೀರೆ ಪೂರಾ ಕೆಸರು.

"ತಪ್ಪಾತ್ರಿ ಅಕ್ಕಾ. ನಂದ ತಪ್ಪು. ನಿಮ್ಮನ್ನ ಬೀಳಿಸಿಬಿಟ್ಟೆ," ಎಂದಳು ದುರ್ಗಾ.

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಶೈಲಕ್ಕನ ಬಾಯಿಂದ ಹೊರಬಂದದ್ದು, "ಇರ್ಲಿ ಬಿಡು," ಎಂಬುದಷ್ಟೆ. ಇಬ್ಬರೂ ಗಾಡಿ ಹತ್ತಲಿಲ್ಲ. ಸರದಿಯಂತೆ ತಳ್ಳುತ್ತ ಊರು ಸೇರಿದರು.

ಮರುದಿನ ದುರ್ಗಾ ಬರಲಿಲ್ಲ. ಫೋನ್ ಮಾಡಿದರೆ ಎತ್ತಿದ್ದು ಹುಲುಗೇಶ್.

"ಆಕಿ ಒಲ್ಲೆ ಅಂತಾಳ್ರಿ ಮೇಡಂ. ನಾ ಮೊದ್ಲ ಹೇಳಿದ್ದೆ, ಆಕಿ ಕೈಲಿ ಆಗಂಗಿಲ್ಲ ಅಂತ. ಕಲಿಸೋರನ್ನ ಕೆಡವ್ಯಾಳ. ನೀವು ಏನೂ ತಿಳ್ಕಬ್ಯಾಡ್ರಿ."

ಫೋನ್ ಇಟ್ಟು ಶೈಲಕ್ಕ ಹೊಸಿಲ ಮೇಲೆ ಕೂತರು. ಹನ್ನೊಂದು ವರ್ಷದಲ್ಲಿ ಎಷ್ಟೋ ಜನ ಬಿದ್ದಿದ್ದಾರೆ. ಬಿದ್ದವರನ್ನು ಅದೇ ದಿನ ಮತ್ತೆ ಗಾಡಿ ಹತ್ತಿಸದೆ ಮನೆಗೆ ಕಳಿಸಿದ್ದು ಇದೇ ಮೊದಲು. ಅದೂ ತನ್ನಿಂದ ಬಿದ್ದವಳನ್ನು.

ಆ ಸಂಜೆ ಅತ್ತೆಗೆ ರೊಟ್ಟಿ ಬಡಿಸಿ, ಗುಳಿಗೆಗಳನ್ನು ಬಿಡಿಸಿ ಅಂಗೈಗೆ ಹಾಕಿದರು.

"ಒಂದ್ ಹೊತ್ತು ನಾ ಮರೆತ್ರ ಮನಿ ತಲಿ ಮ್ಯಾಲೆ ಹೊತ್ಕಂತಿ," ಎಂದು ಚೆನ್ನಬಸಮ್ಮ ಗೊಣಗಿ ನೀರು ಕುಡಿದರು. ಲೋಟ ಇಟ್ಟು ಸೊಸೆಯ ಮುಖ ನೋಡಿದರು. "ನಿಂದು ತಗೊಂಡೇನು?"

"ನಂದು ಊಟ ಆದ ಮ್ಯಾಲಿಂದು ಅತ್ತಿ."

"ಊಟ ಎಲ್ಲಿ ಮಾಡಿ ನೀ?"

ಶೈಲಕ್ಕ ಅತ್ತೆಯ ತಟ್ಟೆ ಎತ್ತಿಕೊಂಡರು.

"ಎಷ್ಟು ದಿನ ಆತು?"

ಡಬ್ಬಿ ತೆಗೆದು ನೋಡಿದರು. ಶ್ರಾವಣದ ಹಿಂದಿನ ದಿನ ತಂದ ಹೊಸ ಹಾಳೆ. ಒಂದು ಗುಳಿಗೆಯೂ ಕದಲಿರಲಿಲ್ಲ.

"ಹುಚ್ಚಿ," ಎಂದರು ಚೆನ್ನಬಸಮ್ಮ. ಧ್ವನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. "ನಲವತ್ ವರ್ಷ ಒಪ್ಪತ್ತು ಮಾಡೀನಿ, ಒಂದ್ ದಿನ ಬಿಪಿ ಗುಳಿಗಿ ಬಿಟ್ಟಿಲ್ಲ. ನೇಮ ಅನ್ನಕ್ಕ, ಔಷಧಕ್ಕಲ್ಲ. ಶಿವ ಏನು ಮೆಡಿಕಲ್ ಅಂಗಡಿ ಬಂದ್ ಮಾಡು ಅಂದಾನೇನು? ಫೋನ್ ಹಚ್ಚು ಆ ಡಾಕ್ಟರಮ್ಮಗ."

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕರೆಂಟು ಹೊಡೆದ ಹಾಗೆ, ಕನಸು, ಸಿಡುಕು, ಅಳು. "ಈ ಗುಳಿಗೆ ಒಮ್ಮೆಲೇ ನಿಂತರೆ ಹೀಗೇ ಆಗುತ್ತದೆ. ಹಳೆಯ ಕಾಯಿಲೆ ಬಂತು ಅಂತ ಈಗಲೇ ಅಂದುಕೊಳ್ಳಬೇಡಿ. ಆಗ ನಿಮಗೆ ಅಳು ಬರುತ್ತಿತ್ತೇ?" ಎಂದು ಕೇಳಿದರು.

"ಇಲ್ರಿ. ಆವಾಗ ಏನೂ ಬರ್ತಿದ್ದಿಲ್ಲ."

"ನೋಡಿ ಮತ್ತೆ. ಇವತ್ತು ಒಂದು ಲೋಟ ಹಾಲಿನ ಜೊತೆ ಒಂದೇ ಒಂದು ತಗೊಳ್ಳಿ. ಬಿಟ್ಟಿದ್ದನ್ನೆಲ್ಲ ಸೇರಿಸಿ ನುಂಗಬೇಡಿ. ನಾಳೆ ಬಂದು ತೋರಿಸಿ. ತಲೆ ಪೂರ್ತಿ ಸ್ಥಿರವಾಗುವವರೆಗೆ ಗಾಡಿ ಬೇಡ. ಮುಂದೆ ಎಂದಾದರೂ ನಿಲ್ಲಿಸುವುದಿದ್ದರೆ ನಾವಿಬ್ಬರೂ ಕೂತು ಸ್ವಲ್ಪ ಸ್ವಲ್ಪ ಇಳಿಸೋಣ."

ಹಾಲು ಕುಡಿದು ಗುಳಿಗೆ ನುಂಗಿದಾಗ ಶೈಲಕ್ಕನಿಗೆ ಅರ್ಧ ಭಾರ ಇಳಿದಿತ್ತು. ಗೋಡೆ ವಾಪಸ್ ಬಂದಿಲ್ಲ. ಉಳಿದ ಅರ್ಧ ಪಾಪಿನಾಯಕನಹಳ್ಳಿಯಲ್ಲಿತ್ತು.

ಶುಕ್ರವಾರ ಡಾಕ್ಟರಮ್ಮನ ಹತ್ತಿರ ತೋರಿಸಿಕೊಂಡು ಅಲ್ಲಿಂದಲೇ ಬಸ್ಸು ಹತ್ತಿದರು. ತಲೆಯ ಕರೆಂಟು ಇನ್ನೂ ನಿಂತಿರಲಿಲ್ಲ. ಕಿಟಕಿಯ ಕಡೆ ನೋಡದೆ, ಮುಂದಿನ ಸೀಟಿನ ಕಂಬಿಯ ಮೇಲೆ ಕಣ್ಣು ನೆಟ್ಟು ಕೂತರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹಲವು ಸಲ ತಿದ್ದಿದರು. ಆ ಊರಿನಲ್ಲಿ ಒಬ್ಬರಿಗೆ ಹೇಳಿದರೆ ಸಂಜೆಯ ಬಸ್ಸಿಗೆ ಮಾತು ಹೊಸಪೇಟೆ ಮುಟ್ಟುತ್ತದೆ. ತಲೆ ಗುಳಿಗೆ ನುಂಗುವವಳು ಎಂದು ತಿಳಿದರೆ ಯಾವ ಗಂಡ ಹೆಂಡತಿಯನ್ನು ಕಳಿಸುತ್ತಾನೆ, ಯಾವ ಅಪ್ಪ ಮಗಳನ್ನು ಕಳಿಸುತ್ತಾನೆ? ಆದರೂ ಸುಳ್ಳಿಗೆ ಇನ್ನೊಂದು ಬೆನ್ನು ನೋವು ಹುಡುಕಲು ಅವರಿಗೆ ಮನಸ್ಸಾಗಲಿಲ್ಲ.

ದುರ್ಗಾ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ಹುಲುಗೇಶ್ ರಜೆಯ ಮೇಲಿದ್ದ. ಮಂಚ ಝಾಡಿಸಿ, "ಬರ್ರಿ ಮೇಡಂ, ಕುಂದ್ರಿ," ಎಂದ.

ಶೈಲಕ್ಕ ಕೂರಲಿಲ್ಲ. "ದುರ್ಗಾ, ಮೊನ್ನಿ ಬಿದ್ದಿದ್ದು ನಿನ್ನ ತಪ್ಪಲ್ಲ. ನಂದು."

"ನೀವು ದೊಡ್ಡ ಮನಸು ಮಾಡಿ ಹಂಗ ಅಂತೀರಿ," ಎಂದ ಹುಲುಗೇಶ್.

"ದೊಡ್ಡ ಮನಸೂ ಇಲ್ಲ, ಏನೂ ಇಲ್ಲ. ಪೂರಾ ಕೇಳ್ರಿ. ಎರಡು ವರ್ಷದಿಂದ ಮನಸಿನ ಡಾಕ್ಟರ್ ಕೊಟ್ಟ ಗುಳಿಗಿ ತಗಂತೀನಿ. ಒಪ್ಪತ್ತು ಹಿಡಿದು ಎಂಟ್ ದಿನ ಬಿಟ್ಟಿದ್ದೆ. ಬಿಟ್ಟಿದ್ದಕ್ಕ ತಲಿಯೊಳಗ ಕರೆಂಟ್ ಹೊಡದಂಗ ಆಗ್ತಿತ್ತು. ಅವತ್ತು ಹಿಂದ ತಿರುಗಿದೆ, ತಲಿ ಸುತ್ತಿತು, ಇಕಿ ಭುಜ ಹಿಡಿದು ಜಗ್ಗಿದೆ. ಹಂಗ ಜಗ್ಗಿದ್ರ ನೀವಾದ್ರೂ ಬೀಳ್ತಿದ್ರಿ. ಇಕಿ ಬ್ರೇಕ್ ಹಿಡಿದು ಗದ್ದಿಗಿ ಇಳಿಸಿದ್ದಕ್ಕ ಇಬ್ರೂ ಉಳಿದೀವಿ."

ದುರ್ಗಾಳ ಕೈಯಲ್ಲಿ ಮೊರ ನಿಂತಿತು. "ಅವತ್ತ ಯಾಕ ಹೇಳ್ಲಿಲ್ರಿ? ಎರಡ್ ದಿನ ನಾ ಸರಿಯಾಗಿ ಉಂಡಿಲ್ಲ."

"ಅಂಜಿದೆ."

"ನೀವಾ?"

"ನಾನ. ಗುಳಿಗಿ ವಿಷಯ ತಿಳಿದ್ರ ಮೈದಾನಕ್ಕ ಯಾರೂ ಬರಂಗಿಲ್ಲ ಅಂತ."

ದುರ್ಗಾ ಎದುರಿಗೇ ನೋಡುತ್ತ ನಿಂತಳು. ಕ್ಷಮಿಸಿದೆ ಎನ್ನುವ ಮುಖವಾಗಿರಲಿಲ್ಲ ಅದು. ಹುಲುಗೇಶ್ ಬೀಡಿ ಹೊತ್ತಿಸಲು ಹೋದವನು ಹಾಗೇ ಜೇಬಿಗಿಟ್ಟ.

"ನಮ್ಮ ಲೈನಿನಾಗ," ಎಂದ, ಯಾರ ಮುಖವನ್ನೂ ನೋಡದೆ, "ಸಂಡೂರು ಘಾಟಿನಾಗ ನಿದ್ದಿಗಣ್ಣಾಗ ಲಾರಿ ಇಳಿಸೋರು ಅದಾರ. ತಾಗಿಸಿದ್ರ ಬ್ರೇಕ್ ಹಿಡೀಲಿಲ್ಲ ಅಂತಾರ, ಎದುರು ಬಂದವನನ್ನ ಬೈತಾರ. ನನ್ನ ತಪ್ಪು ಅಂತ ಬಸ್ ಹತ್ತಿ ಮನೀತನಕ ಬಂದೋರನ್ನ ನಾ ನೋಡಿಲ್ರಿ."

"ಕೇಳಿದೇನು ಮಾವಾ?" ಎಂದಳು ದುರ್ಗಾ ಗಂಡನಿಗೆ. ಅವನು ಸೋದರಮಾವನ ಮಗ, ಚಿಕ್ಕಂದಿನಿಂದ ಹಾಗೇ ಕರೆದು ರೂಢಿ. "ಎರಡ್ ದಿನದಿಂದ ಊರೆಲ್ಲ ಡಂಗುರ ಹೊಡದಿ, ನನ್ನ ಹೇಣ್ತಿ ಮೇಡಮ್ಮನ್ನ ಕೆಡವಿದ್ಲು ಅಂತ. ಈಗ ಮನಿ ಮನಿಗೆ ಹೋಗಿ ತಿರುಗಿ ಹೇಳಿ ಬಾ."

"ಹೇಳ್ತೀನಿ ತಗಾ."

"ಗುಳಿಗಿ ಮಾತು ಬ್ಯಾಡ. ನಾ ಕೆಡವಿಲ್ಲ ಅನ್ನಾದಷ್ಟ ಹೇಳು."

"ಗುಳಿಗಿ ಮಾತೂ ಹೇಳ್ಲಿ," ಎಂದರು ಶೈಲಕ್ಕ. "ಅದಿಲ್ದ ಯಾರು ನಂಬ್ತಾರ?" ಆಮೇಲೆ ಮಂಚದ ಮೇಲೆ ಕೂತರು. ಚಹಾ ಬಂತು.

ಶನಿವಾರ ಮೈದಾನದಲ್ಲೂ ಇಷ್ಟನ್ನೇ ಹೇಳಿದರು, ಎಂಟು ಹತ್ತು ವಾಕ್ಯದಲ್ಲಿ, ಗಾಡಿಯ ಭಾಗಗಳನ್ನು ತೋರಿಸುವಾಗಿನ ಅದೇ ಧ್ವನಿಯಲ್ಲಿ. "ನಾಲ್ಕೈದು ದಿನ ನಾ ಗಾಡಿ ಹತ್ತಂಗಿಲ್ಲ, ಹಿಂದೂ ಕೂಡಂಗಿಲ್ಲ. ಭವ್ಯ ನಿಮ್ಮ ಹಿಂದ ಓಡ್ತಾಳ. ನಾ ನಡುವ ನಿಂತು ಹೇಳ್ತೀನಿ. ಬ್ಯಾಡ ಅನ್ನೋರು ಹೋಗಬಹುದು, ಬೇಜಾರಿಲ್ಲ."

ಇಬ್ಬರು ಹೋದರು. ಒಬ್ಬಳು ಸಂಬಂಧಿಕರ ಮದುವೆಯ ನೆಪ ಹೇಳಿದಳು, ಇನ್ನೊಬ್ಬಳು ನೆಪವನ್ನೂ ಹೇಳಲಿಲ್ಲ. ಶ್ರಾವಣ ಮುಗಿದ ಮೇಲೂ ಅವರು ಬರಲಿಲ್ಲ. ಶೈಲಕ್ಕನಿಗೆ ನೋವಾಯಿತು. ಆದರೆ ಉಳಿದ ಆರು ಜನರ ಮುಂದೆ ನಿಂತಾಗ ಮುಚ್ಚಿಡಲು ಏನೂ ಇರಲಿಲ್ಲ. ಆ ಹಗುರವೂ ಅವರಿಗೆ ಹೊಸದಾಗಿತ್ತು.

ದುರ್ಗಾ ಶನಿವಾರ ಏಳರ ಬಸ್ಸಿಗೆ ಬಂದಳು. ಮಾತಿಲ್ಲದೆ ಸ್ಕೂಟಿ ಹತ್ತಿದಳು. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದೆ ಓಡಿಸಿದ್ದು ಅದೇ ಮೊದಲು. ಶೈಲಕ್ಕ ಮೈದಾನದ ನಡುವೆ ನಿಂತು, ತಲೆ ಅಲುಗಿಸದೆ, ಇಡೀ ಮೈಯನ್ನು ತಿರುಗಿಸುತ್ತ ಅವಳನ್ನು ಹಿಂಬಾಲಿಸಿ ಕೂಗಿದರು. "ನೆಲ ನೋಡಬ್ಯಾಡ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು." ಭಾನುವಾರ ಕಲ್ಲುಗಳನ್ನಿಟ್ಟು, ಟೆಸ್ಟಿನಲ್ಲಿರುವಂತೆ ಎಂಟರ ಆಕಾರದಲ್ಲಿ, ಕಾಲೂರದೆ ಸುತ್ತಿಸಿದರು. ಸೋಮವಾರ ಒಂದು ಕಲ್ಲು ಉರುಳಿತು, ಮಂಗಳವಾರ ಒಂದೂ ಉರುಳಲಿಲ್ಲ. ಕರೆಂಟು ದಿನದಿನಕ್ಕೆ ಸಣ್ಣದಾಗಿ, ಮಂಗಳವಾರ ಸಂಜೆ ಎರಡು ಸಲ ಮಾತ್ರ ಬಂತು. ಬುಧವಾರ ಬರಲಿಲ್ಲ. ರಾತ್ರಿ ಒಂದು ಲೋಟ ಹಾಲು, ಒಂದು ಗುಳಿಗೆ, ಒಪ್ಪತ್ತು ಹಾಗೇ ನಡೆಯಿತು. ಕೊಟ್ರಯ್ಯನಿಗೆ ಹೇಳಿ ಕವರಿನ ಮೇಲಿನ ಬರಹವನ್ನೂ ಬದಲಾಯಿಸಿದರು: ರಾತ್ರಿ ಒಂಬತ್ತಕ್ಕೆ 1.

ಗುರುವಾರ ಟೆಸ್ಟಿನ ಜಾಗದಲ್ಲಿ ಉದ್ದನೆಯ ಸಾಲಿತ್ತು, ಹೆಚ್ಚಿನವರು ಗಂಡಸರು. ಹುಲುಗೇಶ್ ಒಂದು ದಿನದ ಕೆಲಸ ಬಿಟ್ಟು ಬಂದು ಬೇಲಿಯ ಹೊರಗೆ ನಿಂತಿದ್ದ. ಇನ್ಸ್‌ಪೆಕ್ಟರ್ ಹೆಸರು ಕೂಗಿದಾಗ ದುರ್ಗಾ ಗಾಡಿ ಶುರು ಮಾಡಿದವಳು ಹಾಗೇ ಕಾಲೂರಿ, ಶೈಲಕ್ಕನ ಕಡೆ ತಿರುಗಿದಳು. ಶುಕ್ರವಾರದಿಂದ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದವಳು ಇಡೀ ಸಾಲಿಗೆ ಕೇಳುವಂತೆ ಕೇಳಿದಳು:

"ನಿನ್ನಿ ರಾತ್ರಿ ಗುಳಿಗಿ ತಗೊಂಡ್ರೇನ್ರಿ ಅಕ್ಕಾ?"

ಸಾಲಿನಲ್ಲಿದ್ದವರು ಶೈಲಕ್ಕನ ಕಡೆ ನೋಡಿದರು.

"ತಗೊಂಡೀನಿ," ಎಂದರು ಶೈಲಕ್ಕ, ಅಷ್ಟೇ ಗಟ್ಟಿಯಾಗಿ. "ನೀ ಹೆಲ್ಮೆಟ್ಟಿನ ಪಟ್ಟಿ ಹಾಕ್ಯ."

ದುರ್ಗಾ ಪಟ್ಟಿ ಬಿಗಿದುಕೊಂಡು ಹೊರಟಳು. ಎಂಟರ ಸುತ್ತು ಮುಗಿಯುವವರೆಗೂ ಕಾಲು ನೆಲಕ್ಕೆ ತಾಗಲಿಲ್ಲ.